ಕಾಜದಕ್ಕ ಗಿರಾಕಿಯಾದ ಭಾನುವಾರ

ಗೋಡೆಯ ಕ್ಯಾಲೆಂಡರಿನಲ್ಲಿರುವ ಭಾನುವಾರವೇ ಬೇರೆ, ದರ್ಜಿಯ ಬಾಯಲ್ಲಿ ಬರುವ ಭಾನುವಾರವೇ ಬೇರೆ. "ಭಾನುವಾರ ಗ್ಯಾರಂಟಿ" ಎಂದು ದರ್ಜಿ ಹೇಳಿದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಎಂದು ತಿಳಿಯಬೇಕು. "ಭಾನುವಾರ ಬಂದು ಒಂದ್ಸಲ ನೋಡಿ" ಎಂದರೆ ಬಟ್ಟೆ ಎಲ್ಲಿಟ್ಟೆ ಎನ್ನುವುದೇ ಅವನಿಗೆ ಮರೆತುಹೋಗಿದೆ. ಇದನ್ನು ಸುಳ್ಳು ಎನ್ನಬಾರದು. ಎದುರಿಗಿರುವವರ ಮನಸ್ಸು ನೋಯಿಸಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಹುಟ್ಟಿದ ಮಾತು ಅದು. ಹೊಸ ಗಿರಾಕಿಗಳಿಗೆ ಇದು ಅರ್ಥವಾಗುವಷ್ಟರಲ್ಲಿ ಅವರು ಒಂದೆರಡು ಮದುವೆಗೆ ಹಳೇ ಅಂಗಿಯಲ್ಲೇ ಹೋಗಿಬಂದಿರುತ್ತಾರೆ.

ಕಾಜದಕ್ಕನಿಗೆ ಇದೇನೂ ಗೊತ್ತಿಲ್ಲದ ಸಂಗತಿಯಲ್ಲ. ಅಂಗಡಿಯ ಮಾಸ್ಟರು ಅವಳ ಸ್ವಂತ ತಮ್ಮ. ಬೀದಿಗೆಲ್ಲ ಅವನು ಮಾಸ್ಟರು, ಅವಳಿಗೆ ಮಾತ್ರ "ಲೋ". ದೊಡ್ಡ ನಗರದ ಹಳೇ ಭಾಗದಲ್ಲಿ, ಗಡಿಯಾರ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ ಸಿಕ್ಕಿಕೊಂಡಿರುವ ಅಂಗಡಿ. ಒಳಗೆ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಪರದೆ ಎಳೆದರೆ ಟ್ರಯಲ್ ರೂಮಾಗುವ ಒಂದು ಮೂಲೆ, ಬಾಗಿಲ ಬಳಿ ಗಿರಾಕಿಗಳಿಗೆಂದು ಒಂದು ಬೆಂಚು. ಬೆಂಚಿನ ಎದುರಿಗೆ, ಬೀದಿಯ ಬೆಳಕು ಬೀಳುವ ಕಡೆ, ಅಕ್ಕನ ಸ್ಟೂಲು.

ಮೊದಲು ಅವಳೂ ಮಿಷನ್ ತುಳಿಯುತ್ತಿದ್ದವಳೇ. ವರ್ಷಗಟ್ಟಲೆ ತುಳಿದು ತುಳಿದು ಮೊಣಕಾಲು ಕೈಕೊಟ್ಟ ಮೇಲೆ ಸ್ಟೂಲಿಗೆ ಬಂದು ಕೈಯಲ್ಲಿ ಕಾಜ ಹಾಕಲು ಕೂತಳು. ಕಾಜ ಎಂದರೆ ಗುಂಡಿ ತೂರುವ ತೂತು. ಹಾಗೆಂದು ಅವಳ ಮುಂದೆ ಹೇಳಿಬಿಟ್ಟೀರಿ! "ತೂತು ಇಲೀನೂ ಮಾಡುತ್ತೆ. ಇದು ಕಾಜ" ಎಂದು ಕನ್ನಡಕದ ಮೇಲಿಂದ ನೋಡುತ್ತಾಳೆ. ಮಿಷನ್ನಿನಲ್ಲಿ ಹಾಕಿದ ಕಾಜ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ "ಅಳತೆ ಸರಿಹೋಗ್ಲಿಲ್ಲ" ಎಂದು ಹೇಳಿ ಸೂಜಿಗೆ ದಾರ ಪೋಣಿಸುತ್ತಾಳೆ.

ಅವಳಿಗೆ ಇದ್ದ ಆಸೆ ಒಂದೇ. ನಗರದಿಂದ ಬೆಳಗ್ಗೆ ಬಸ್ಸು ಹತ್ತಿದರೆ ನೋಡಿಕೊಂಡು ಸಂಜೆಗೆ ಮನೆ ಸೇರಬಹುದಾದಷ್ಟು ದೂರದಲ್ಲಿ, ಎಂದೋ ಜನ ಬಿಟ್ಟುಹೋದ ಒಂದು ಪಟ್ಟಣದ ಅವಶೇಷವಿದೆ. ಪುಸ್ತಕಗಳಲ್ಲಿ ಅದಕ್ಕೆ ಉದ್ದದ ಹೆಸರು. ನಗರದ ಜನ ಹಾಳೂರು ಎಂದು ಕರೆದು ಮುಗಿಸಿದ್ದಾರೆ. ಅಕ್ಕನ ಕ್ಲಾಸಿನ ಹುಡುಗಿಯರೆಲ್ಲ ಅಲ್ಲಿಗೆ ಪ್ರವಾಸ ಹೋದ ವರ್ಷವೇ ಅವಳಪ್ಪ ಅವಳಿಗೆ ಶಾಲೆ ಬಿಡಿಸಿ ಮಿಷನ್ನಿನ ಮುಂದೆ ಕೂರಿಸಿದ್ದ. ಹೋಗಿಬಂದ ಗೆಳತಿಯರು ಅದನ್ನೇ ಹೇಳಿ ಹೇಳಿ ಅವಳ ಹೊಟ್ಟೆ ಉರಿಸಿದರು. ಮೆಟ್ಟಿಲು ಹತ್ತಿ ಗುಡ್ಡದ ನೆತ್ತಿಗೆ ಹೋದರೆ ಇಡೀ ಊರು ಕೆಳಗೆ ಕಾಣುತ್ತದಂತೆ. ಒಂದು ಮನೆಗೂ ಸೂರಿಲ್ಲವಂತೆ, ಆದರೆ ಗೋಡೆಗಳಿವೆಯಂತೆ. ಯಾರ ಅಡುಗೆಮನೆ ಎಲ್ಲಿತ್ತು, ಯಾರ ಮನೆಗೆ ಹಿತ್ತಲ ಬಾಗಿಲಿತ್ತು, ಎಲ್ಲ ಬೆರಳು ಮಾಡಿ ತೋರಿಸಬಹುದಂತೆ. ಅಕ್ಕಪಕ್ಕದ ಮನೆಗಳ ವಿಚಾರದಲ್ಲಿ ಅಕ್ಕನಿಗೆ ಮೊದಲಿಂದಲೂ ಕುತೂಹಲ ಜಾಸ್ತಿ. ಒಂದಿಡೀ ಊರು ಸೂರು ತೆಗೆದು ಬಿದ್ದುಕೊಂಡಿದೆ, ತಾನು ನೋಡಿಲ್ಲ ಎಂದರೆ ಹೇಗೆ ತಡೆದುಕೊಳ್ಳುವುದು?

ಅಪ್ಪ ಹೋದ ಮೇಲೆ ಅಂಗಡಿ ವಹಿಸಿಕೊಂಡ ತಮ್ಮ ಮೊದಲು ಕೊಟ್ಟ ಮಾತೇ ಇದು: "ಅಕ್ಕಾ, ಒಂದು ಭಾನುವಾರ ನಿನ್ನ ಹಾಳೂರಿಗೆ ಕರ್ಕೊಂಡ್ ಹೋಗ್ತೀನಿ. ಗ್ಯಾರಂಟಿ." ಅಕ್ಕ ಅವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು.

ಅಲ್ಲಿಂದ ಎಷ್ಟು ಭಾನುವಾರ ಬಂದವು, ಎಷ್ಟು ಹೋದವು. ಒಂದು ಸಲ ಶಾಲೆ ಶುರುವಾಗುವ ಕಾಲ, ಯೂನಿಫಾರ್ಮಿನ ರಾಶಿ. ಒಂದು ಸಲ ಮಿಷನ್ನಿನ ಬೆಲ್ಟು ಕಿತ್ತುಹೋಯಿತು. ಒಂದು ಸಲ ಅಕ್ಕನೂ ತಮ್ಮನ ಹೆಂಡತಿಯೂ ಹೊರಟು ಬಾಗಿಲಲ್ಲಿ ನಿಂತಿದ್ದಾಗ, ಪ್ಯಾಂಟು ಸೊಂಟದಲ್ಲಿ ಬಿಗಿ ಎಂದು ಯಾರೋ ಮನೆಗೇ ಬಂದರು. ಪ್ರತಿ ಸಲವೂ ತಮ್ಮ ತಲೆ ಕೆರೆದುಕೊಂಡು "ಮುಂದಿನ ಭಾನುವಾರ" ಎನ್ನುತ್ತಿದ್ದ. ಅಕ್ಕ ಪ್ರತಿ ಸಲವೂ "ಸರಿ ಬಿಡು" ಎಂದು ಹೇಳಿ, ಚೀಲದಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದು ಮನೆಯಲ್ಲೇ ಮೂವರಿಗೂ ಹಂಚುತ್ತಿದ್ದಳು. ಹಾಳೂರಿನ ಬ್ರೆಡ್ಡು ಎಂದೇ ಮನೆಯಲ್ಲಿ ಅದಕ್ಕೆ ಹೆಸರು ಬಿದ್ದಿತ್ತು.

ಈ ವರ್ಷ ಮಾತ್ರ ಅವಳು "ಸರಿ ಬಿಡು" ಎನ್ನುವ ಸ್ಥಿತಿಯಲ್ಲಿರಲಿಲ್ಲ. ಮೊಣಕಾಲು ತೋರಿಸಲು ಹೋದಾಗ ಡಾಕ್ಟರಮ್ಮ ಕಾಲನ್ನು ಮಡಿಸಿ ನೋಡಿ, ಬಿಡಿಸಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡಿದ್ದರು.

"ಮೆಟ್ಟಿಲು ಹತ್ತೋದಿದ್ರೆ ಈಗ್ಲೇ ಹತ್ಬಿಡಿ ಅಮ್ಮಾ. ಮುಂದಿನ ವರ್ಷದ ಮಾತು ನಾನು ಹೇಳಲಾರೆ."

ಇದನ್ನು ಅಕ್ಕ ತಮ್ಮನಿಗೆ ಹೇಳಲಿಲ್ಲ. ಅವನು ಮೊದಲೇ ಪುಕ್ಕಲ. ಕೇಳಿದರೆ ನಾಲ್ಕು ದಿನ ಊಟ ಬಿಡುತ್ತಾನೆ. ಹೇಳಿದ್ದು ಅವನ ಹೆಂಡತಿಗೆ, ಅದೂ ಪಾತ್ರೆ ತೊಳೆಯುವಾಗ, ನಲ್ಲಿಯ ಸದ್ದಿನಲ್ಲಿ.

"ಹಾಗಾದ್ರೆ ಈ ಭಾನುವಾರವೇ ಅತ್ತಿಗೆ" ಎಂದಳು ಅವಳು, ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುತ್ತಾ. "ನಿಮ್ಮ ತಮ್ಮನ ಭಾನುವಾರ ಅಲ್ಲ, ಕ್ಯಾಲೆಂಡರ್ ಭಾನುವಾರ."

ಇಬ್ಬರೂ ಸೇರಿ ಆ ವಾರವೆಲ್ಲ ಹಾಕಿದ ಪ್ಲ್ಯಾನನ್ನು ನೋಡಿದರೆ ಹಾಳೂರಿಗೆ ಮತ್ತೆ ಜನ ತುಂಬಿಸಲು ಹೊರಟಿದ್ದಾರೇನೋ ಎನ್ನಬೇಕು. ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಣೆಯ ಕಿಟಕಿಯಲ್ಲಿ ಕೂತವನ ತಲೆ ತಿಂದರು. ಯಾವ ಬಸ್ಸಿನ ಮೆಟ್ಟಿಲು ತಗ್ಗಾಗಿದೆ ಎಂದು ಅಕ್ಕ ಕೇಳಿದಳು. "ಈ ಪ್ರಶ್ನೆ ನನ್ನ ಸರ್ವೀಸಲ್ಲಿ ಯಾರೂ ಕೇಳಿಲ್ಲಮ್ಮಾ" ಎಂದು ಅವನೇ ಎದ್ದು ಬಂದು ನಿಂತ ಬಸ್ಸುಗಳನ್ನು ತೋರಿಸಿದ. ಬಿಸಿಲಿಗೆ ಕೊಡೆ, ಗಾಳಿಗೆ ಸ್ಕಾರ್ಫು, ಮೊಣಕಾಲಿಗೆ ಕಟ್ಟುವ ಪಟ್ಟಿ, ದಾರಿಗೆ ಕಿತ್ತಲೆ ಹಣ್ಣು. ಅಕ್ಕನಿಗೆ ಹೊಸ ಉಡುಪು ಬೇಕೆಂದು ತಮ್ಮನ ಹೆಂಡತಿ ಹಟ ಹಿಡಿದು, ಮಿಕ್ಕ ತುಂಡು ಬಟ್ಟೆಗಳಲ್ಲೇ ಚೆನ್ನಾದ್ದೊಂದನ್ನು ಆರಿಸಿ ಹೊಲಿದುಕೊಟ್ಟಳು. ಬೂದು ಬಣ್ಣದ್ದು. ಕಾಜಗಳನ್ನು ಅಕ್ಕ ತಾನೇ ಹಾಕಿಕೊಂಡಳು. ತನ್ನ ಸ್ವಂತ ಬಟ್ಟೆಗೆ ಅಷ್ಟು ಚಂದದ ಕಾಜ ಅವಳು ಹಿಂದೆಂದೂ ಹಾಕಿಕೊಂಡಿರಲಿಲ್ಲ. ತಮ್ಮ ಎಲ್ಲಕ್ಕೂ ಹೂಂಗುಟ್ಟಿದ. "ಭಾನುವಾರ ಅಂದ್ರೆ ಭಾನುವಾರ" ಎಂದು ಕತ್ತರಿ ಮೇಲೆತ್ತಿ ಹೇಳಿದ. ಕೈಯಲ್ಲಿ ಕತ್ತರಿ ಇರುವಾಗ ಆಡಿದ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದು ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಆದರೂ ನಂಬಿದರು.

ಭಾನುವಾರ ಅಕ್ಕ ಏಳುವಷ್ಟರಲ್ಲಿ ತಮ್ಮ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

"ಅಂಗಡಿಗೆ ಹೋದ್ರು ಅತ್ತಿಗೆ. ನಿನ್ನೆ ಸಂಜೆ ಯಾರದೋ ಮದುವೆ ಕೋಟು ಒಪ್ಕೊಂಡಿದ್ದಾರಂತೆ. ಹತ್ತು ನಿಮಿಷದಲ್ಲಿ ಬರ್ತೀನಿ ಅಂದ್ರು."

ದರ್ಜಿಯ ಹತ್ತು ನಿಮಿಷದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಅಕ್ಕ ಮುಖ ತೊಳೆದಳು, ಬೂದು ಬಣ್ಣದ ಹೊಸ ಉಡುಪು ತೊಟ್ಟಳು, ಪಟ್ಟಿ ಕಟ್ಟಿಕೊಂಡಳು. ಚೀಲ ಎತ್ತಿಕೊಂಡು "ನೀನೂ ಹೊರಡು" ಎಂದಳು. ಅಳು ಬರುವ ಹಾಗಿತ್ತು, ಆದರೆ ಅಳುತ್ತಾ ಕೂತರೆ ಬಸ್ಸು ಹೋಗುತ್ತದೆ. ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಒಂದೇ. ಈ ಮನುಷ್ಯನಿಂದ ಸಮಯಕ್ಕೆ ಸರಿಯಾಗಿ ಬಟ್ಟೆ ಇಸಕೊಂಡು ಹೋದವರು ಯಾರಾದರೂ ಇದ್ದಾರೆಯೇ?

ಇದ್ದರು. ಬೆಂಚಿನ ಗಿರಾಕಿಗಳು. ಕೂಗಾಡುವವರಿಗೆ, ಬೇಡಿಕೊಳ್ಳುವವರಿಗೆ ತಮ್ಮ ಬಗ್ಗುತ್ತಿರಲಿಲ್ಲ. ಆದರೆ ಯಾರಾದರೂ ಬಂದು ತುಟಿಪಿಟಕ್ಕೆನ್ನದೆ ಬೆಂಚಿನ ಮೇಲೆ ಕೂತು ಅವನ ಕೈಯನ್ನೇ ನೋಡತೊಡಗಿದರೆ ಅವನು ಬೆವತುಹೋಗುತ್ತಿದ್ದ. ಮೂರು ಅಂಗಿ ಪಕ್ಕಕ್ಕೆ ತಳ್ಳಿ ಅವರದನ್ನೇ ಮೊದಲು ಹೊಲಿದುಕೊಡುತ್ತಿದ್ದ. ಅಕ್ಕ ಎದುರಿಗೆ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಎಷ್ಟೋ ಸಲ ನೋಡಿ ಒಳಗೊಳಗೇ ನಕ್ಕಿದ್ದಳು.

ಅಂಗಡಿಯ ಷಟರು ಅರ್ಧ ಎತ್ತಿತ್ತು. ಒಳಗೆ ತಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಕೋಟಿನ ತೋಳು ಕೂರಿಸುತ್ತಿದ್ದ. ಅಕ್ಕ ಬಗ್ಗಿ ಒಳಗೆ ಬಂದಳು. ತನ್ನ ಸ್ಟೂಲಿನ ಕಡೆ ತಿರುಗಿಯೂ ನೋಡದೆ ಬೆಂಚಿನ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ತಮ್ಮನ ಹೆಂಡತಿಯೂ ಪಕ್ಕದಲ್ಲಿ ಕೂತಳು.

"ಯಾಕಕ್ಕಾ ಅಲ್ಲಿ ಕೂತೆ? ಇಲ್ಲಿ ಬಾ, ಇದೊಂದು ತೋಳು ಮುಗಿದ್ರೆ…"

"ಗಿರಾಕಿಗಳು ಇಲ್ಲೇ ಅಲ್ವಾ ಕೂರೋದು ಮಾಸ್ಟ್ರೇ" ಎಂದಳು ಅಕ್ಕ. "ಆರ್ಡರ್ ಕೊಟ್ಟು ತುಂಬಾ ದಿನ ಆಯ್ತು. ಇವತ್ತು ಡೆಲಿವರಿ ಅಂತ ನೀವೇ ಹೇಳಿದ್ರಿ."

ನೀವೇ! ಹುಟ್ಟಿದಾಗಿನಿಂದ ಅವನನ್ನು ಎತ್ತಿ ಆಡಿಸಿದ ಅಕ್ಕ, ಅವನಿಗೆ ನಲವತ್ತು ದಾಟಿದ ಮೇಲೂ ಬೀದಿಯವರ ಮುಂದೆ "ಲೋ" ಎಂದು ಕರೆದು ಅವನ ಮಾನ ಕಳೆಯುತ್ತಿದ್ದ ಅಕ್ಕ. ತಮ್ಮನ ಕೈಯಲ್ಲಿದ್ದ ಸೂಜಿ ನಿಂತುಹೋಯಿತು.

"ಹಾಗೆಲ್ಲ ಮಾತಾಡ್ಬೇಡಕ್ಕಾ. ಏನೋ ಒಂಥರಾ ಆಗುತ್ತೆ."

"ನಿಮ್ಮ ಕೆಲಸ ನೀವು ಮಾಡಿ. ನಾವು ಕೂತಿರ್ತೀವಿ."

ತಮ್ಮ ಎರಡು ಹೊಲಿಗೆ ಹಾಕಿದ, ಒಂದನ್ನು ಬಿಚ್ಚಿದ. ಹೆಂಡತಿಯ ಕಡೆ ನೋಡಿದ. ಅವಳು ಷೋಕೇಸಿನ ಬೊಂಬೆಯ ಹಾಗೆ ನೆಟ್ಟಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಕೊನೆಯ ಪ್ರಯತ್ನವೆಂದು ಅವನು ಅಭ್ಯಾಸಬಲದಿಂದ ಗಿರಾಕಿಗೆ ಹೇಳುವ ಮಾತನ್ನೇ ಹೇಳಿದ.

"ಎಲ್ಲಾ ಮುಗಿದಿದೆ. ಬರೀ ಕಾಜ ಒಂದು ಬಾಕಿ."

"ಕಾಜ ಹಾಕೋಳು ಇವತ್ತು ರಜಾ."

ತಮ್ಮ ನಗಲಾರದೆ ನಕ್ಕುಬಿಟ್ಟ. ಕಾಜವಿಲ್ಲದ ಕೋಟನ್ನು ಅವತ್ತು ಯಾರಿಗೂ ಕೊಡುವ ಹಾಗಿರಲಿಲ್ಲ. ಮದುವೆ ಯಾವತ್ತು ಎಂದು ಹೆಂಡತಿ ಕೇಳಿದಳು. ಗುರುವಾರ ಎಂದು ಅವನು ಬಾಯೊಳಗೇ ಹೇಳಿದ. ಇಬ್ಬರು ಹೆಂಗಸರೂ ಒಟ್ಟಿಗೇ ಎದ್ದು ನಿಂತರು. ಕೋಟು ಹ್ಯಾಂಗರಿಗೆ ಹೋಯಿತು, ಷಟರು ಕೆಳಗಿಳಿಯಿತು. ಮೂವರೂ ಬಸ್ ಸ್ಟ್ಯಾಂಡಿಗೆ ಬಿದ್ದಂಬೀಳ ಬಂದರು. ಅಕ್ಕ ಕಿಟಕಿಯ ಪಕ್ಕ ಕೂತು, ನಗರ ಮುಗಿಯುವವರೆಗೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ನಗರ ಮುಗಿದ ಮೇಲೆ ತಮ್ಮನ ಕುತ್ತಿಗೆಯಲ್ಲಿ ಟೇಪು ಹಾಗೇ ಜೋತಾಡುತ್ತಿರುವುದು ಕಂಡು ಇನ್ನೂ ಜೋರಾಗಿ ನಕ್ಕಳು. ತಮ್ಮ ಮಾತ್ರ ದಾರಿಯುದ್ದಕ್ಕೂ ಸಪ್ಪಗಿದ್ದ. ಕೋಟಿನ ಚಿಂತೆ ಇರಬೇಕೆಂದು ಅಕ್ಕ ಅಂದುಕೊಂಡಳು.

ಹಾಳೂರಿನ ಗೇಟಿನಲ್ಲಿ ಟಿಕೆಟ್ ಕೊಡುವ ಮುದುಕ ಇವರನ್ನು ಕಂಡವನೇ ಗೂಡಿನಿಂದ ಹೊರಗೆ ಬಂದ.

"ಏನ್ ಸಾರ್, ಕೊನೆಗೂ ಕರ್ಕೊಂಡ್ ಬಂದ್ರಾ? ಇವ್ರೇನಾ ನಿಮ್ಮಕ್ಕ?"

ತಮ್ಮ ಬೇರೆ ಕಡೆ ನೋಡಿದ. ಮುದುಕನಿಗೆ ಅದು ಅರ್ಥವಾಗಲಿಲ್ಲ. ಅವನು ಖುಷಿಯಲ್ಲಿ ಹೇಳುತ್ತಲೇ ಹೋದ.

"ನಿಮ್ಮ ವಿಷಯ ನಂಗೆಲ್ಲಾ ಗೊತ್ತಮ್ಮಾ. ಹೋದ ವರ್ಷ ಇವ್ರು ಬಂದು ಮೆಟ್ಟಿಲು ಹತ್ತಿ ಇಳಿದು, ಮೆಟ್ಟಿಲು ಇಲ್ದೇ ಇರೋ ದಾರಿ ಇದ್ಯಾ ಅಂತ ಕೇಳಿದ್ರು. ಇಲ್ಲಾ ಸಾರ್ ಅಂದೆ. ಆಮೇಲೂ ಬಂದ್ರು, ಅದೇ ಕೇಳಿದ್ರು. ಕುರ್ಚೀಲಿ ಕೂರಿಸಿ ಹೊತ್ಕೊಂಡ್ ಹೋಗೋರು ಸಿಗ್ತಾರಾ ಅಂದ್ರು. ಇದೇನು ಇನ್ನೊಂದ್ಸಲ ಬಂದ್ರೆ ದಾರಿ ಹುಟ್ಕೊಳುತ್ತಾ ಅಂತ ನಾನೇ ಬೈದು ಕಳಿಸ್ದೆ."

ಲೈನಿಂಗ್ ಬಟ್ಟೆ ತರಲು ಸಗಟು ಮಾರ್ಕೆಟ್ಟಿಗೆ ಹೋಗುತ್ತೇನೆಂದು ತಮ್ಮ ಹೊರಟು, ದಿನವೆಲ್ಲ ಕಳೆದು ಬರಿಗೈಯಲ್ಲಿ ಬಂದ ದಿನಗಳು ಅಕ್ಕನಿಗೆ ನೆನಪಾದವು. ಅವತ್ತೆಲ್ಲ ಅವನಿಗೆ ಚೆನ್ನಾಗಿ ಬೈದಿದ್ದಳು.

"ಹೇಳೋದಲ್ವೇನೋ?" ಎಂದಳು.

"ಹೇಳಿದ್ರೆ ನೀನು ಸರಿ ಬಿಡು ಅಂದ್ಬಿಡ್ತಿದ್ದೆ" ಎಂದ ತಮ್ಮ, ಟೇಪನ್ನು ಬೆರಳಿಗೆ ಸುತ್ತುತ್ತಾ. "ಆಮೇಲೆ ಹಾಳೂರಿನ ಮಾತೇ ಎತ್ತುತ್ತಿರ್ಲಿಲ್ಲ. ನನಗೆ ನಿನ್ನ ಗೊತ್ತಿಲ್ವಾ? ಮುಂದಿನ ಭಾನುವಾರ ಅಂತ ಹೇಳ್ತಿದ್ರೆ ನೀನು ಚೀಲ ಆದ್ರೂ ತುಂಬಿಸ್ತಿದ್ದೆ. ಆ ಚೀಲ ತುಂಬಿಸೋವಾಗ ನಿನ್ನ ಮುಖ ನೀನೇ ನೋಡ್ಬೇಕಿತ್ತಕ್ಕಾ."

ಅವನ ಹೆಂಡತಿ ಸ್ಕಾರ್ಫಿನಿಂದ ಮೂಗು ಒರೆಸಿಕೊಂಡಳು. ಎತ್ತರದಿಂದ ಕೆಳಗೆ ನೋಡಿದರೆ ತನಗೆ ತಲೆ ತಿರುಗುತ್ತದೆ, ನೀವಿಬ್ಬರೇ ಹೋಗಿಬನ್ನಿ ಎಂದು ಹೇಳಿ ಚೀಲ ಹಿಡಿದುಕೊಂಡು ಮರದ ಕೆಳಗೆ ಕೂತಳು.

ಮೆಟ್ಟಿಲುಗಳು ನಿಜಕ್ಕೂ ಕೆಟ್ಟದಾಗಿದ್ದವು. ಆ ಕಾಲದ ಜನ ಮೊಣಕಾಲಿಗೆ ಯಾವ ಮರ್ಯಾದೆಯನ್ನೂ ಕೊಟ್ಟವರಲ್ಲ. ಅಕ್ಕ ತಮ್ಮನ ಭುಜ ಹಿಡಿದು ಹಲ್ಲು ಕಚ್ಚಿ ಹತ್ತಿದಳು. ಮೊದಲ ತಿರುವಿನ ಹೊತ್ತಿಗೆ ಬಲಗಾಲು ಮಡಿಸಲು ಬರುವುದೇ ನಿಂತುಹೋಯಿತು. ಸುತ್ತ ಪೊದೆ, ಮುಂದೆ ಗೋಡೆ. ಊರು ಎಲ್ಲಿದೆಯೋ ಕಾಣಲೊಲ್ಲದು. ಅಕ್ಕ ಅಲ್ಲೇ ಬಂದ ದಾರಿಗೆ ಮುಖ ಮಾಡಿ ಕುಸಿದು ಕೂತಳು.

"ನೀನು ಹೋಗು" ಎಂದಳು. "ಮೇಲಿಂದ ನೋಡಿ ನಂಗೆ ಹೇಳು. ಯಾವುದೂ ಬಿಡ್ಬಾರ್ದು."

ತಮ್ಮ ಹೋಗಲಾರದೆ ಹೋದ. ನೆತ್ತಿಯಿಂದ ಅವನ ಕೂಗು ಕೇಳಿಸಿತು.

"ಅಕ್ಕಾ! ಕಲ್ಲಕ್ಕಾ!"

"ಆಮೇಲೆ?"

"ಬರೀ ಕಲ್ಲು! ತುಂಬಾ ಇದೆ!"

"ಕಲ್ಲು ಅಂತ ನಂಗೂ ಗೊತ್ತು ಕಣೋ! ಮನೆಗಳು ಹೇಗಿವೆ ಹೇಳೋ!"

ಉತ್ತರದ ಬದಲು ತಮ್ಮ ತಾನೇ ಇಳಿದು ಬಂದ. ಅವನ ಕಣ್ಣು ಕೆಂಪಾಗಿತ್ತು.

"ನನಗೆ ಹೇಳೋಕ್ ಬರಲ್ಲಕ್ಕಾ. ಅದು ನೀನು ನೋಡೋ ಅಂಥದ್ದು."

ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೆಟ್ಟಿಲ ಮೇಲೆ, ಕಾಲ ಮೇಲೆ, ಶಾಲೆ ಬಿಡಿಸಿದ ಅಪ್ಪನ ಮೇಲೆ. ಆ ಸಿಟ್ಟಿನಲ್ಲೇ ಅವಳು ಎರಡೂ ಅಂಗೈಗಳನ್ನು ಬೆನ್ನ ಹಿಂದಿನ ಮೆಟ್ಟಿಲ ಮೇಲೆ ಊರಿ, ಮೈಯನ್ನು ಎತ್ತಿ, ಕೂತಲ್ಲಿಂದಲೇ ಒಂದು ಮೆಟ್ಟಿಲು ಮೇಲಕ್ಕೆ ಕೂತಳು. ಕಾಲು ಸುಮ್ಮನೆ ಮುಂದೆ ಚಾಚಿಕೊಂಡೇ ಇತ್ತು. ನೋವಾಗಲಿಲ್ಲ. ಇನ್ನೊಂದು ಏರಿದಳು. ಅಂಬೆಗಾಲಿಡುವ ಮಗು ಮನೆಯ ಮೆಟ್ಟಿಲು ಹತ್ತುವ ರೀತಿ ಅದು, ಆದರೆ ಬೆನ್ನು ತಿರುಗಿಸಿ.

ತಮ್ಮ ಗಾಬರಿಯಾಗಿ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಅಗಲಿಸಿ ಅವಳೆದುರು ನಿಂತ.

"ಬಟ್ಟೆಯೆಲ್ಲ ಹಾಳಾಗುತ್ತಕ್ಕಾ. ಜನ ಬೇರೆ ನೋಡ್ತಿದ್ದಾರೆ."

"ನೋಡ್ಲಿ. ಹಳೇದನ್ನ ನೋಡೋಕೇ ತಾನೆ ಬಂದಿರೋದು. ನನ್ನನ್ನೂ ನೋಡ್ಲಿ."

ಎಂಟು ಹತ್ತು ಮೆಟ್ಟಿಲು ಹೀಗೇ ಏರಿದ ಮೇಲೆ ತಮ್ಮನ ತಲೆಯ ಪಕ್ಕದಲ್ಲಿ ಏನೋ ಕಂಡಿತು. ಪೊದೆಗಳ ಮೇಲಿಂದ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲಿನ ಕಂಡಿ.

"ಸ್ವಲ್ಪ ಪಕ್ಕಕ್ಕೆ ಸರಿಯೋ. ಊರು ಕಾಣ್ತಿಲ್ಲ."

ತಮ್ಮ ಹಿಂತಿರುಗಿ ನೋಡಿದ. ಆಮೇಲೆ ತನ್ನ ಪ್ಯಾಂಟನ್ನು ನೋಡಿಕೊಂಡ. ಗೆರೆ ಮುರಿಯದ ಇಸ್ತ್ರಿ. ನಿಟ್ಟುಸಿರು ಬಿಟ್ಟು ಅಕ್ಕನ ಪಕ್ಕದಲ್ಲಿ, ಅದೇ ಧೂಳಿನ ಮೆಟ್ಟಿಲ ಮೇಲೆ ಕೂತ.

ಮುಖ ಮುಂದೆ ಮಾಡಿ ಹತ್ತಿದವರಿಗೆ ನೆತ್ತಿ ಮುಟ್ಟುವವರೆಗೂ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇವರಿಬ್ಬರಿಗೆ ಒಂದೊಂದು ಮೆಟ್ಟಿಲಿಗೂ ಊರು ಅಷ್ಟಷ್ಟೇ ದೊಡ್ಡದಾಗುತ್ತಾ ಬಂತು. ಮೊದಲು ಒಂದು ಓಣಿ. ಓಣಿಯ ಎರಡೂ ಬದಿಗೆ ಸೂರಿಲ್ಲದ ಮನೆಗಳು. ಆಮೇಲೆ ಓಣಿ ಸೇರುವ ದೊಡ್ಡ ಬೀದಿ, ಬೀದಿಯ ಕೊನೆಗೆ ಬಾವಿ. ಎಲ್ಲ ಸೇರಿ, ಕತ್ತರಿ ಹಾಕುವ ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿದ ಹಾಗಿತ್ತು.

"ಅಲ್ನೋಡು" ಎಂದಳು ಅಕ್ಕ. "ಆ ಎರಡು ಮನೆಗೂ ಅಡುಗೆಮನೆ ಗೋಡೆ ಒಂದೇ. ದಿನಾ ಜಗಳ ಇದ್ದಿರ್ಬೇಕು."

"ಯಾರದು ತಪ್ಪು?"

"ಎಡಗಡೆಯವಳದ್ದೇ. ನೋಡು, ಒಲೆ ಎಲ್ಲಿಟ್ಟಿದ್ದಾಳೆ. ಹೊಗೆಯೆಲ್ಲಾ ಇವರ ಮನೆಗೆ."

ಹೀಗೆ ಮನೆಮನೆಯ ಪಂಚಾಯಿತಿ ಮಾಡುತ್ತಾ, ಉಸಿರು ಸೋತಾಗ ನಿಲ್ಲುತ್ತಾ, ಇಳಿದು ಬರುವವರಿಗೆ ದಾರಿ ಬಿಡುತ್ತಾ ಇಬ್ಬರೂ ಏರಿದರು. ಗಾಳಿ ಜೋರಾಯಿತು. ಅಕ್ಕ ಊರಿನಿಂದ ಕಣ್ಣು ಕೀಳದೆ ಮುಂದಿನ ಮೆಟ್ಟಿಲಿಗೆಂದು ಹಿಂದಕ್ಕೆ ಕೈ ಚಾಚಿದಳು. ಕೈಗೆ ಏನೂ ತಗಲಲಿಲ್ಲ. ಇನ್ನಷ್ಟು ಚಾಚಿ ತಡಕಾಡಿದಳು.

"ಲೋ, ಮೆಟ್ಟಿಲು ಎಲ್ಲಿ ಹೋಯ್ತೋ?"

"ಮುಗೀತಕ್ಕಾ" ಎಂದ ತಮ್ಮ. "ಇನ್ನಿಲ್ಲ."